ಕೊನೆಯುಸಿರು ಎಂಬ ಬೆಳ್ಳಿಯೆಲೆ

ಓಲೆಗೆ ಓಲೆ ಅನ್ನಬೇಕು, ಬಳೆಗೆ ಬಳೆ ಅನ್ನಬೇಕು. ನಮ್ಮಣ್ಣನ ಮನೆಯಲ್ಲಿ ಹಾಗೆಂದರೆ ಅವನು ಮುಖ ಸಿಂಡರಿಸುತ್ತಾನೆ. ಅಲ್ಲಿ ಓಲೆಯ ಹೆಸರು 'ವಿರಹ'. ಬಳೆಯ ಹೆಸರು 'ನೀನಿಲ್ಲದ ಸಂಜೆ'. ಒಂದು ಉಂಗುರವಿತ್ತು, ಸಾದಾ ತಾಮ್ರದ್ದು, ನಡುವೆ ಚೌಕದ ತೂತು. ಅದರ ಹೆಸರು 'ಮೌನಕ್ಕೊಂದು ಕಿಟಕಿ'. ಮೊದಲ ಸಲ ಕೇಳಿದಾಗ ಕುಡಿದ ಚಹಾ ಗಂಟಲಿಗೆ ಬಂತು. ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ಜನರ ಬಾಯೊಳಗೆ ಏನೇನಿರುತ್ತದೆ ಎಂದು ನೋಡಿ ರೂಢಿಯಾದವಳು. ಸುಲಭಕ್ಕೆ ನನಗೆ ಹೇಸಿಗೆಯಾಗುವುದಿಲ್ಲ. ಆ ಹೆಸರುಗಳನ್ನು ಕೇಳಿದರೆ ಆಗುತ್ತದೆ.

ಒಡವೆ ಮಾಡುವವಳು ಅತ್ತಿಗೆ, ಹೆಸರಿಡುವವನು ಅಣ್ಣ. ಕೊಳ್ಳಲು ಬರುವವರೆಲ್ಲ ಅಣ್ಣನನ್ನು ಕಲಾವಿದರು ಅನ್ನುತ್ತಾರೆ. ಅತ್ತಿಗೆಯ ಬಗ್ಗೆ ಕೇಳಿದರೆ, "ಅವರ ಮನೆಯವರಲ್ವಾ? ಪಾಪ, ಅವರೂ ಕೈ ಜೋಡಿಸ್ತಾರೆ" ಅನ್ನುತ್ತಾರೆ. ಕೈ ಜೋಡಿಸುವುದಂತೆ! ಆ ಮನೆಯಲ್ಲಿ ದುಡಿಯುವ ಕೈ ಇರುವುದೇ ಅವಳೊಬ್ಬಳಿಗೆ. ನಮ್ಮಣ್ಣನಿಗೆ ದೇವರು ಕೊಟ್ಟದ್ದು ಬಾಯಿ ಮಾತ್ರ. ಒಡಹುಟ್ಟಿದವನ ಬಗ್ಗೆ ಹೀಗೆ ಹೇಳಬಾರದು, ಗೊತ್ತು. ಆದರೆ ನಾನು ಹೇಳಹೊರಟದ್ದು ಅತ್ತಿಗೆಯ ಕಥೆ. ಅದನ್ನು ಹೇಳುವಾಗ ಅವನಿಗೆ ಉಗಿಯದೆ ಮುಂದೆ ಹೋಗುವುದಕ್ಕೆ ದಾರಿಯಿಲ್ಲ.

ಅತ್ತಿಗೆ ಮದುವೆಗೆ ಮೊದಲು ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಮುರಿದ ಫ್ರೇಮುಗಳನ್ನು ಬೆಸೆಯುತ್ತಿದ್ದಳು. ಕನ್ನಡಕದ ಕಡ್ಡಿ, ಕಣ್ಣಿಗೆ ಕಾಣಿಸದಂಥ ಸ್ಕ್ರೂ, ಮೂಗಿನ ಮೇಲೆ ಕೂರುವ ಪುಟ್ಟ ಬಿಲ್ಲೆ, ಇವುಗಳ ನಡುವೆಯೇ ಅವಳ ಹರೆಯ ಕಳೆಯಿತು. ಒಮ್ಮೆ ಮಿಕ್ಕ ತಂತಿಯಲ್ಲಿ ತನಗೊಂದು ಜೊತೆ ಓಲೆ ಮಾಡಿಕೊಂಡಳು. ಅಂಗಡಿಗೆ ಬಂದ ಹೆಂಗಸೊಬ್ಬಳು ಬಂದ ಕೆಲಸ ಮರೆತು, "ಈ ಓಲೆ ಎಲ್ಲಿ ಸಿಗುತ್ತಮ್ಮ?" ಎಂದಳು. ಅಲ್ಲಿಂದ ಶುರುವಾಯಿತು. ಅಂಗಡಿ ಬಿಡುವಾಗ ಧಣಿ ಕೊಟ್ಟ ಸಣ್ಣ ಇಕ್ಕಳವನ್ನೇ ಅವಳು ಇವತ್ತಿಗೂ ಬಳಸುತ್ತಾಳೆ.

ಅವಳನ್ನು ಸಾಕಿದವಳು ಅವಳ ಅಮ್ಮ. ಅಪ್ಪ ಬೇಗ ತೀರಿಕೊಂಡಿದ್ದ. ಬಟ್ಟೆ ಕಾರ್ಖಾನೆಯವರು ಶರ್ಟಿನ ಗಂಟುಗಳನ್ನು ಮನೆಗೇ ತಂದು ಹಾಕುತ್ತಿದ್ದರು, ಈಕೆ ಗುಂಡಿ ಹೊಲಿದು ಕೊಡುತ್ತಿದ್ದಳು. ಇದ್ದದ್ದು ಒಂದು ಕೋಣೆ, ಅದಕ್ಕೊಂದು ಬೀದಿಯ ಕಿಟಕಿ, ಕಿಟಕಿಯ ಪಕ್ಕ ಕೈಯಿಲ್ಲದ ಒಂದು ಮರದ ಕುರ್ಚಿ. ಬೆಳಕಿರುವಷ್ಟು ಹೊತ್ತೂ ಅಲ್ಲೇ. ಕೈ ಗುಂಡಿಯ ಮೇಲೆ, ಕಣ್ಣು ಬೀದಿಯ ಮೇಲೆ, ನಾಲಿಗೆ ಬೀದಿಯಲ್ಲಿ ಹೋಗುವವರ ಮೇಲೆ. "ಏನಪ್ಪಾ, ಇವತ್ತು ಸ್ನಾನ ಮಾಡಿದ ಹಾಗಿದೆ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಬೀದಿಯವರು ಅವಳನ್ನು ಗುಂಡಿಯಮ್ಮ ಎಂದು ಕರೆದರು, ಅಣ್ಣನ ಮದುವೆಯಾದ ಮೇಲೆ ನಾವೂ ಹಾಗೇ ಕರೆದೆವು. ಹೆಸರೆಂದರೆ ಅದು. ಮಾಡುವ ಕೆಲಸದಿಂದ ತಾನಾಗಿ ಬಂದದ್ದು, ಯಾರೂ ಕಣ್ಣು ಮುಚ್ಚಿಕೊಂಡು ಹುಡುಕಿದ್ದಲ್ಲ.

ನಮ್ಮಣ್ಣ ಹುಡುಕುತ್ತಿದ್ದ. ಅವನು ಮೊದಲು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಒಕ್ಕಣೆ ಬರೆಯುತ್ತಿದ್ದ. ಎರಡು ಹೃದಯಗಳ ಮಧುರ ಪಯಣ, ಒಲವಿನ ಹೊಸ್ತಿಲು, ಅಂಥ ಸಕ್ಕರೆ ಪಾಕ. ಜನ ಫೋನಿನಲ್ಲೇ ಮದುವೆಗೆ ಕರೆಯಲು ಶುರು ಮಾಡಿದ ಮೇಲೆ ಪ್ರೆಸ್ಸು ಮುಚ್ಚಿತು. ಇವನ ಪಾಕ ಮಾತ್ರ ನಿಲ್ಲಲಿಲ್ಲ. ಹರಿಯುವುದಕ್ಕೆ ಎಲ್ಲಾದರೂ ಜಾಗ ಬೇಕಿತ್ತು. ಅತ್ತಿಗೆಯ ಒಡವೆ ಸಿಕ್ಕಿತು.

ಸಂಜೆ ಹೆಸರಿಡುವ ಹೊತ್ತು. ಅಣ್ಣ ಮಂಚದ ಮೇಲೆ ಅಂಗಾತ ಮಲಗಿ, ಒಡವೆಯನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಗ ಮಿಕ್ಸಿ ಹಾಕುವಂತಿಲ್ಲ, ನಲ್ಲಿ ಬಿಡುವಂತಿಲ್ಲ. ಅತ್ತಿಗೆ ಒಡವೆ ತೊಳೆಯುವ ಆಸಿಡ್ಡಿನಿಂದ ಬಿರಿದ ಬೆರಳುಗಳಿಗೆ ಎಣ್ಣೆ ಸವರಿಕೊಳ್ಳುತ್ತ ಪಕ್ಕದಲ್ಲಿ ನಿಂತಿರಬೇಕು. ಬಹಳ ಹೊತ್ತಾದ ಮೇಲೆ ಅವನು, ಹೊಟ್ಟೆನೋವು ಬಂದವನ ದನಿಯಲ್ಲಿ, "ಬಂತು" ಅನ್ನುತ್ತಿದ್ದ. ಆ ಉಂಗುರಕ್ಕೆ ಹೆಸರು ಬಂದ ದಿನ ಗುಂಡಿಯಮ್ಮ ಮಗಳನ್ನು ನೋಡಲು ಬಂದಿದ್ದಳು.

"ಮೌನಕ್ಕೊಂದು ಕಿಟಕಿ" ಎಂದ ಅಣ್ಣ.

"ಕಿಟಕಿ ಯಾಕೆ ಅಳಿಯಂದ್ರೇ? ಬೆರಳಿಗೇನು ಸೆಕೆನಾ?" ಎಂದಳು ಗುಂಡಿಯಮ್ಮ.

ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು. ಅಣ್ಣ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಅಲ್ಲಿಯವರೆಗೆ ಇದೆಲ್ಲ ನಗೆಪಾಟಲಿನ ವಿಷಯ. ಆಮೇಲೆ ಗುಂಡಿಯಮ್ಮ ಶ್ವಾಸಕೋಶದಲ್ಲಿ ಸೋಂಕಾಗಿ ಆಸ್ಪತ್ರೆ ಸೇರಿದಳು. ಅತ್ತಿಗೆ ಹಗಲೂ ರಾತ್ರಿ ಅಲ್ಲೇ ಇದ್ದಳು. ಅಮ್ಮನ ಎದೆ ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ನೋಡುವುದೇ ಕೆಲಸ. ಸುಮ್ಮನೆ ಕೂರಲಾಗದೆ ಇಕ್ಕಳ, ತಂತಿ, ತಗಡು ತರಿಸಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಒಂದು ಪದಕ ಮಾಡಿದಳು. ತೆಳ್ಳಗೆ ಬಡಿದ ಒಂದು ಬೆಳ್ಳಿಯೆಲೆ. ತೊಟ್ಟಿನ ಹತ್ತಿರ ಸಣ್ಣ ತಂತಿಯ ಕೊಂಡಿಯಲ್ಲಿ ಸಡಿಲವಾಗಿ ತೂಗುತ್ತದೆ. ಕೊರಳಿಗೆ ಹಾಕಿಕೊಂಡರೆ ಉಸಿರಾಡಿದಾಗಲೆಲ್ಲ ಅಲುಗುತ್ತದೆ. ಚೆನ್ನಾಗಿತ್ತು. ನಾನು ಒಡವೆಗೆ ಮರುಳಾಗುವವಳಲ್ಲ, ಆದರೂ ನೋಡುತ್ತ ನಿಂತೆ. "ಇದರ ಹೆಸರೇನು?" ಎಂದು ತಮಾಷೆಗೆ ಕೇಳಿದರೆ, "ಎಲೆ" ಎಂದಳು. ಅಣ್ಣ ಅದನ್ನು ತೆಗೆದುಕೊಂಡು ಹೋದ. ಆ ವಾರ ಟೌನ್‌ಹಾಲಿನಲ್ಲಿ ಕರಕುಶಲ ಪ್ರದರ್ಶನವಿತ್ತು.

ಭಾನುವಾರ ಅವನ ಮಳಿಗೆಯಲ್ಲಿ ಸಹಾಯಕ್ಕೆಂದು ಹೋದೆ. ಎಲೆ ಕಪ್ಪು ವೆಲ್ವೆಟ್ಟಿನ ಮೇಲೆ ಮಲಗಿತ್ತು. ಪಕ್ಕದ ಚೀಟಿಯಲ್ಲಿ ಅಣ್ಣನ ದುಂಡನೆಯ ಅಕ್ಷರ: 'ಅಮ್ಮನ ಕೊನೆಯುಸಿರು. ಅಮ್ಮ ಕಡೆಯ ಸಲ ಉಸಿರೆಳೆದಾಗ ಗಾಳಿ ಹೀಗೆ ನಡುಗಿತು. ಮಗಳು ಆ ನಡುಕವನ್ನು ಬೆಳ್ಳಿಯಲ್ಲಿ ಹಿಡಿದಿಟ್ಟಳು.'

ನಾನು ಚೀಟಿಯ ಮೇಲೆ ಬೆರಳಿಟ್ಟೆ.

"ಅಣ್ಣಾ, ಏನಿದು? ಗುಂಡಿಯಮ್ಮ ಇನ್ನೂ ಬದುಕಿದ್ದಾರೆ!"

"ಮೆಲ್ಲಗೆ ಮಾತಾಡೇ! ಇದು ಕಲೆ. ಸಾಂಕೇತಿಕ."

"ಸಾಂಕೇತಿಕವಾಗಿ ಯಾರಾದ್ರೂ ಸಾಯ್ತಾರಾ?"

"ಡಾಕ್ಟ್ರು ಇವತ್ತೋ ನಾಳೆಯೋ ಅಂದಿದ್ದಾರೆ. ಹೇಗೂ ಆಗೋದೇ ತಾನೆ?"

"ಥೂ ನಿನ್ನ! ಹೆಣ ಬೀಳೋ ಮೊದ್ಲೇ ಚೀಟಿ ಬರ್ದಿಟ್ಯಾ?"

ಅಷ್ಟರಲ್ಲಿ ಮಳಿಗೆಗೆ ಒಬ್ಬ ಹೆಂಗಸು ಬಂದಳು. ಸಂಗೀತದ ಟೀಚರು ಎಂದು ಆಮೇಲೆ ಗೊತ್ತಾಯಿತು. ಚೀಟಿ ಓದಿದಳು, ಇನ್ನೊಮ್ಮೆ ಓದಿದಳು, ನಿಂತಲ್ಲೇ ಅಳತೊಡಗಿದಳು. ಅವಳ ತಾಯಿ ಬೇರೆ ಊರಲ್ಲಿ ತೀರಿಹೋಗಿದ್ದಳಂತೆ, ಇವಳು ಹೋಗಿ ತಲುಪುವುದರೊಳಗೆ ಎಲ್ಲ ಮುಗಿದಿತ್ತಂತೆ. "ನನಗೆ ಕೊನೆ ಉಸಿರು ಕೇಳೋಕೆ ಸಿಗ್ಲಿಲ್ಲ" ಎಂದಳು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಎಂಥ ಗಾಂಭೀರ್ಯ! ಆ ಮುಖಕ್ಕೆ ಒಂದು ಬಾರಿಸಬೇಕು ಅನ್ನಿಸಿತು. ಅವಳು ಎಲೆಯನ್ನು ಅಲ್ಲೇ ಕೊರಳಿಗೆ ಹಾಕಿಕೊಂಡು ಹೋದಳು. ಅವಳ ಹಿಂದೆಯೇ ಇನ್ನೂ ಹಲವರು ಅಂಥದ್ದೇ ಬೇಕೆಂದು ಹೇಳಿ ಹೋದರು. ಎಷ್ಟೊಂದು ಜನಕ್ಕೆ ತಾಯಿ ಇಲ್ಲ!

ಗುಂಡಿಯಮ್ಮ ಸಾಯಲಿಲ್ಲ. ಎದ್ದು ಕೂತಳು, ಗಂಜಿ ಕುಡಿದಳು, ನರ್ಸಿಗೆ ನಿನ್ನ ಕೋಟಿನ ಗುಂಡಿ ಸಡಿಲವಾಗಿದೆ ಎಂದಳು. ಡಿಸ್ಚಾರ್ಜ್ ಮಾಡಿದ ದಿನ ಅಣ್ಣನ ಮುಖ ನೋಡಬೇಕಿತ್ತು. "ಡಾಕ್ಟ್ರು ಕೈ ಬಿಟ್ಟಿದ್ರು ಕಣೇ" ಎಂದು ನನ್ನ ಕಿವಿಯಲ್ಲಿ ಹೇಳಿದ, ಯಾರೋ ಅವನಿಗೆ ಟೋಪಿ ಹಾಕಿದ ಹಾಗೆ.

ಗುಂಡಿಯಮ್ಮ ಇನ್ನು ಒಬ್ಬಳೇ ಇರುವಂತಿರಲಿಲ್ಲ, ಮಗಳ ಮನೆಗೇ ಬಂದಳು. ಅವಳು ಕೇಳಿದ್ದು ಒಂದೇ. "ನನ್ನ ಕುರ್ಚಿ ಬೀದಿ ಕಿಟಕಿ ಹತ್ರ ಹಾಕಿ. ನಾಲ್ಕು ಜನ ಓಡಾಡೋದು ಕಾಣ್ಲಿ. ಮತ್ತೇನೂ ಬೇಡ." ಅತ್ತಿಗೆ ತಾನೇ ಕುರ್ಚಿಯನ್ನು ತಂದು ಮುಂದಿನ ಕೋಣೆಯ ಕಿಟಕಿಗೆ ಹಾಕಿದಳು. ಎದುರಿಗೆ ಸೈಕಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಕ್ಷೌರದಂಗಡಿ. ಗುಂಡಿಯಮ್ಮ ವಾರದೊಳಗೆ ಸೈಕಲ್ಲಿನವನ ಬಾಯಿಂದ ಅವನ ಸಂಸಾರದ ಸಮಾಚಾರವನ್ನೆಲ್ಲ ಹೊರಡಿಸಿದ್ದಳು.

ಆದರೆ ಆ ಮುಂದಿನ ಕೋಣೆಯೇ ಒಡವೆ ತೋರಿಸುವ ಕೋಣೆ. ಒಂದು ಮಧ್ಯಾಹ್ನ ಟೀಚರು ಗೆಳತಿಯರನ್ನು ಕಟ್ಟಿಕೊಂಡು ಮನೆಗೇ ಬಂದಳು. ಅಣ್ಣ ಕಿಟಕಿಯಿಂದ ನೋಡಿದವನೇ ಗುಂಡಿಯಮ್ಮನ ರಟ್ಟೆ ಹಿಡಿದು ಹಿಂದಿನ ಕೋಣೆಗೆ ಸಾಗಿಸಿದ. ಅವತ್ತೇ ಅಮ್ಮ ಮಗಳಿಬ್ಬರಿಗೂ ಆ ಹೆಸರಿನ ವಿಷಯ ಗೊತ್ತಾದದ್ದು, ನಾನು ಹೇಳಲು ಧೈರ್ಯ ಮಾಡಿರಲಿಲ್ಲ. ಬಂದವರು ಅತ್ತಿಗೆಯನ್ನು ತಬ್ಬಿಕೊಂಡು ಅತ್ತರು. ಅವಳು ಕಂಬದ ಹಾಗೆ ನಿಂತಿದ್ದಳು. ಅವರು ಹೋದ ಮೇಲೆ, ಅಣ್ಣ ಅವರಿಗೆಂದು ಮೇಜಿನ ಮೇಲಿಟ್ಟಿದ್ದ ಚೀಟಿ ಓದಿ, "ರೀ, ಇದನ್ನ ಈಗ್ಲೇ ತೆಗೀರಿ" ಎಂದಳು.

"ತೆಗೆದ್ರೆ ನಾವು ಸುಳ್ಳುಗಾರರು ಅಂತಾಗುತ್ತೆ."

"ಸುಳ್ಳುಗಾರರೇ ತಾನೆ?"

"ಅವರ ದುಃಖ ಸುಳ್ಳಾ? ಅವರಿಗೆ ಏನಂತ ಹೇಳ್ತೀಯ? ನಿಮ್ಮ ಕಣ್ಣೀರು ದಂಡ ಆಯ್ತು ಅಂತಾನಾ?"

ಅತ್ತಿಗೆ ಸೋತದ್ದು ಅಲ್ಲೇ. ತನ್ನ ಭುಜದ ಮೇಲೆ ಬಿದ್ದ ಕಣ್ಣೀರು ನಿಜದ್ದು ಎಂದು ಅವಳಿಗೆ ಗೊತ್ತಿತ್ತು. ಈ ಮನುಷ್ಯ ಅದನ್ನೇ ಹಿಡಿದುಕೊಂಡ. ಕೊನೆಗೆ ಒಂದು ಉಪಾಯ ಹೇಳಿದ, "ಯಾರಾದ್ರೂ ಕೇಳಿದ್ರೆ ಇವರು ನಿನ್ನ ದೊಡ್ಡಮ್ಮ ಅನ್ನೋಣ." ಗುಂಡಿಯಮ್ಮ ಒಳಗಿನಿಂದಲೇ ಗುಡುಗಿದಳು, "ಹೆತ್ತ ಮಗಳಿಗೆ ದೊಡ್ಡಮ್ಮ ಆಗೋದಕ್ಕಿಂತ ಸಾಯೋದೇ ವಾಸಿ ಅಳಿಯಂದ್ರೇ!"

ಹಾಗೇ ಆಯಿತು. ಕುರ್ಚಿ ಹಿಂದಿನ ಕೋಣೆಗೆ ಹೋಯಿತು. ಆ ಕೋಣೆಯ ಕಿಟಕಿಗೆ ಕಾಣುವುದು ಪಕ್ಕದ ಮನೆಯ ಗೋಡೆ, ಗೋಡೆಯ ಮೇಲೆ ಬಚ್ಚಲಿನ ಪೈಪು. ಅದರ ಸಂದಿಯಿಂದ ಸೋರಿ ಸೋರಿ ಪಾಚಿ ಕಟ್ಟಿತ್ತು, ಸೋಪಿನ ನೊರೆಯೂ ಯಾರದೋ ಕೂದಲೂ ಅಲ್ಲೇ ಅಂಟಿಕೊಂಡಿದ್ದವು. "ಪೈಪಲ್ಲಿ ಯಾರು ಬರ್ತಾರೆ, ಯಾರು ಹೋಗ್ತಾರೆ ಅಂತ ನೋಡ್ಲಾ?" ಎಂದು ಗುಂಡಿಯಮ್ಮ ಕೇಳಿದಳು.

ಬೇರೆಯವಳಾಗಿದ್ದರೆ ಅತ್ತು ರಂಪ ಮಾಡುತ್ತಿದ್ದಳು. ಇವಳು ಅದನ್ನೊಂದು ಆಟ ಮಾಡಿಕೊಂಡಳು. ಬಾಗಿಲ ಬೆಲ್ ಹೊಡೆದರೆ ಸಾಕು, "ಬೆಲ್ ಹೊಡೀತು, ನಾನು ಸತ್ತೆ" ಎಂದು ಎದ್ದು ಹಿಂದಕ್ಕೆ ಹೋಗುತ್ತಿದ್ದಳು. ಬಂದವರು ಹೋದ ಮೇಲೆ ಅತ್ತಿಗೆ, "ಅಮ್ಮಾ, ಹೋದ್ರು, ಬಾ" ಎಂದು ಕರೆಯಬೇಕು. ಆಗ, "ಹುಟ್ಟಿ ಬಂದೆ, ಚಹಾ ಕೊಡು" ಅನ್ನುತ್ತಿದ್ದಳು. ಹಾಲಿನವನು ಬೆಲ್ ಹೊಡೆದರೂ ಸಾಯುತ್ತಿದ್ದಳು. ಕೆಮ್ಮು ಬಂದರೆ ದಿಂಬಿಗೆ ಬಾಯಿ ಒತ್ತಿಕೊಳ್ಳಬೇಕು. ಆ ದಿಂಬನ್ನು ನಾನು ನೋಡಿದ್ದೇನೆ. ನಡುವೆ ಹಳದಿ ಕಲೆ, ಅಂಚಿಗೆಲ್ಲ ಒಣಗಿದ ಕಫ. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಅದೇ ಹೊತ್ತಿಗೆ ನಮ್ಮಣ್ಣ ಅವಳ ಕೊನೆಯುಸಿರಿನ ಬಗ್ಗೆ ಭಾಷಣ ಮಾಡುತ್ತಿರುತ್ತಿದ್ದ. ಆ ಮನೆಯಲ್ಲಿ ನನಗೆ ನೀರು ಕುಡಿಯುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ನಾನು ಹಿಂದಿನ ಕೋಣೆಯಲ್ಲಿ ಗುಂಡಿಯಮ್ಮನ ಉಗುರು ಕತ್ತರಿಸುತ್ತಿದ್ದೆ. ಟೀಚರು ಬಂದಳು. ಬಾಗಿಲು ಅರ್ಧ ಮುಚ್ಚಿತ್ತು, ಎಲ್ಲ ಕೇಳಿಸುತ್ತಿತ್ತು.

"ನಿಮ್ಮಮ್ಮ ಹೇಗಿದ್ರು?" ಎಂದು ಟೀಚರು ಕೇಳಿದಳು.

ಅತ್ತಿಗೆ ಶುರು ಮಾಡಿದಳು. "ನಮ್ಮಮ್ಮನಿಗೆ ಬೀದಿ ನೋಡೋದು ಅಂದ್ರೆ ಪ್ರಾಣ... ಆಗಿತ್ತು. ಹೊಲಿತಾ ಹೊಲಿತಾನೇ ಎಲ್ಲರ ಜೊತೆ ಜಗಳ ಆಡೋರು. ಯಾರಾದ್ರೂ ಗುಂಡಿ ಕಿತ್ತು ಹೋದ ಅಂಗಿ ಹಾಕ್ಕೊಂಡು ಹೋದ್ರೆ ಕರೆದು ನಿಲ್ಲಿಸಿ, ಮೈಮೇಲಿದ್ದ ಹಾಗೇ ಹೊಲಿದು ಕಳಿಸೋರು. ನನಗೆ ಜ್ವರ ಬಂದ್ರೆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ನನ್ನ ತಲೆ ತೊಡೆ ಮೇಲಿಟ್ಕೊಂಡೇ ಹೊಲಿಯೋರು. ಸೂಜಿ ಒಂದ್ಸಲಾನೂ ನನಗೆ ತಾಕ್ಲಿಲ್ಲ."

ಗುಂಡಿಯಮ್ಮ ನನ್ನ ಕೈಯಿಂದ ಬೆರಳು ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಟೀಚರು ಹೋದಳು. ಅತ್ತಿಗೆ ಬಾಗಿಲಲ್ಲಿ ಬಂದು ನಿಂತಳು.

"ಚೆನ್ನಾಗಿ ಹೇಳ್ದೆ ಕಣೇ" ಎಂದಳು ಗುಂಡಿಯಮ್ಮ. "ನಾನು ಬದುಕಿದ್ದಾಗ ಯಾವತ್ತೂ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ."

ಅವತ್ತು ಅತ್ತಿಗೆ ಜಗಳವಾಡಿದಳು. ಮದುವೆಯಾದಾಗಿನಿಂದ ನಾನು ಅವಳ ದನಿ ಅಷ್ಟು ಎತ್ತರದಲ್ಲಿ ಕೇಳಿರಲಿಲ್ಲ. ನಮ್ಮಮ್ಮ ಕಿಟಕಿ ಹತ್ರ ಕೂರಬೇಕು, ಇಲ್ಲದಿದ್ದರೆ ಇನ್ನೊಂದು ಎಲೆ ಈ ಕೈಯಿಂದ ಆಗುವುದಿಲ್ಲ ಎಂದಳು. ಅಣ್ಣ ಜಾರಿಕೊಂಡ. "ಆಗ್ಲಿ ಮಾರಾಯ್ತಿ, ಈ ಪ್ರದರ್ಶನ ಒಂದು ಮುಗೀಲಿ. ಆಮೇಲೆ ಹೊಸದೊಂದು ಮಾಡು, ಒಳ್ಳೆ ಹೆಸರಿಡ್ತೀನಿ, ಜನ ಇದನ್ನ ಮರೀತಾರೆ. ಕುರ್ಚಿ ಮುಂದೆ ಹಾಕೋಣ." ಆ ಪ್ರದರ್ಶನ ಮುಗಿಯಿತು, ಇನ್ನೊಂದು ಬಂತು. ಅತ್ತಿಗೆ ಕೇಳಿದಾಗಲೆಲ್ಲ ಅದೇ ಮಾತು, ಇದೊಂದು ಮುಗೀಲಿ. ನಾನೂ ಹೋಗಿ ಅವನ ಮುಖದ ನೀರಿಳಿಸಿದೆ. ಇಳಿಯುವುದಕ್ಕೆ ಅಲ್ಲಿ ನೀರಿದ್ದರೆ ತಾನೆ!

ಗುಂಡಿಯಮ್ಮ ಮೆತ್ತಗಾದಳು. ಬೆಲ್ ಹೊಡೆದರೆ ಎದ್ದು ಹೋಗುವ ಕಷ್ಟವೇ ಬೇಡವೆಂದು ಹಿಂದಿನ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ತಮಾಷೆ ನಿಂತಿತು. ಒಂದು ಬೆಳಿಗ್ಗೆ ಅತ್ತಿಗೆ ಚಹಾ ತೆಗೆದುಕೊಂಡು ಹೋದಾಗ ಅವಳು ಕುರ್ಚಿಯಲ್ಲೇ ಇದ್ದಳು. ತಲೆ ಪೈಪಿನ ಕಡೆಗೆ ವಾಲಿತ್ತು.

ಫೋನು ಬಂದದ್ದೇ ನಾನು ಓಡಿದೆ. ಅತ್ತಿಗೆ ಅಮ್ಮನ ಕಾಲ ಬಳಿ ಕೂತಿದ್ದಳು, ಅಳುತ್ತಿರಲಿಲ್ಲ. ಅಣ್ಣ ಮಾತ್ರ ಬಾಲ ಸುಟ್ಟ ಬೆಕ್ಕಿನ ಹಾಗೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದ.

"ಹಿಂದಿನ ಬಾಗಿಲಿಂದ ತಗೊಂಡು ಹೋಗೋಣ" ಎಂದ. "ಗಾಡಿ ಅಲ್ಲಿಗೇ ಬರ್ಲಿ. ಮುಂದೆ ತರೋದು ಬೇಡ."

"ಯಾಕೆ?" ಎಂದೆ.

"ಟೀಚರು ಬರ್ತಾರೆ ಕಣೇ ಇವತ್ತು. ಸತ್ತೋರು ಇನ್ನೊಂದ್ಸಲ ಸತ್ರು ಅಂತ ಅವರಿಗೆ ಹೇಗೆ ಹೇಳೋದು?"

ಥೂ! ಇಂಥ ಮಾತು ಬಂದ ಬಾಯಿಗೆ ನಮ್ಮ ಡಾಕ್ಟರ ಹತ್ತಿರ ಯಾವ ಔಷಧವೂ ಇಲ್ಲ. ನಾನು ಏನೋ ಕಿರುಚಿದೆ, ಏನೆಂದು ನೆನಪಿಲ್ಲ. ಅತ್ತಿಗೆ ಕಿರುಚಲಿಲ್ಲ. ಎದ್ದು ಸೀದಾ ಮುಂದಿನ ಕೋಣೆಗೆ ಹೋದಳು. ಒಡವೆಯ ಉದ್ದನೆ ಮೇಜಿನ ಮೇಲಿದ್ದ, ಸರ ತೊಡಿಸಿಡುವ ವೆಲ್ವೆಟ್ಟಿನ ಕೊರಳುಗಳು, ಸರ, ಓಲೆ, ಚೀಟಿ, ವಿರಹ, ಮೌನ, ಸಂಜೆ, ಎಲ್ಲವನ್ನೂ ತೋಳಿನಿಂದ ಬಳಿದು ಒಂದು ಬಕೆಟ್ಟಿಗೆ ತುಂಬಿದಳು. ಮೇಜನ್ನು ಒರೆಸಿದಳು. ಅದನ್ನು ಕಿಟಕಿಯ ಪಕ್ಕಕ್ಕೆ ಎಳೆದು ಬಾಗಿಲು, ಕಿಟಕಿ ಎರಡನ್ನೂ ಹಾರು ಹೊಡೆದು ತೆರೆದಳು. ಎದುರಿನ ಸೈಕಲ್ ಅಂಗಡಿಯವನನ್ನು ಕೂಗಿದಳು, "ಅಣ್ಣಾ, ಸ್ವಲ್ಪ ಬನ್ನಿ, ನಮ್ಮಮ್ಮ ಹೋಗ್ಬಿಟ್ರು. ಮುಂದೆ ತರಬೇಕು."

ಅವನು ಕೈಯ ಗ್ರೀಸನ್ನು ಅಂಗಿಗೇ ಒರೆಸಿಕೊಂಡು ಓಡಿ ಬಂದ. "ಗುಂಡಿಯಮ್ಮನಾ? ಅಯ್ಯೋ, ಮಗಳ ಮನೆ ಬಿಟ್ಟು ಹೋದ್ರು ಅಂದ್ಕೊಂಡಿದ್ದೆ. ಇಲ್ಲೇ ಇದ್ರಾ?" ಎಂದ. ನಾವು ಮೂವರೂ ಸೇರಿ ಎತ್ತಿ ತಂದೆವು. ಅತ್ತಿಗೆ ಒಂದು ಬಿಳಿ ಬಟ್ಟೆ ಹೊದಿಸಿ, ಅಮ್ಮನ ಮುಖವನ್ನು ಬೀದಿಯ ಕಡೆಗೆ ತಿರುಗಿಸಿದಳು. ಬೆಳಕು ಮುಖದ ಮೇಲೆ ಬಿತ್ತು. ಸುದ್ದಿ ಕೇಳಿ ಕ್ಷೌರದಂಗಡಿಯವನೂ ಬಂದು ಬಾಗಿಲಲ್ಲಿ ನಿಂತ.

ಬಾಗಿಲು ತೆರೆದೇ ಇದ್ದರೂ ಟೀಚರು ರೂಢಿಯಂತೆ ಬೆಲ್ ಒತ್ತಿದಳು. ನಗುನಗುತ್ತ ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ಅವಳ ಕೊರಳಲ್ಲಿ ಎಲೆ ಇತ್ತು. ಮೇಜಿನ ಮೇಲಿನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಇಬ್ಬರದೂ ಒಂದೇ ಮೂಗು.

"ಇವರು...?"

"ನಮ್ಮಮ್ಮ. ಇವತ್ತು ಬೆಳಿಗ್ಗೆ ಹೋದ್ರು."

"ನಿಮ್ಮಮ್ಮ ಆಗ್ಲೇ..."

"ಇಲ್ಲ. ಹಿಂದಿನ ಕೋಣೇಲಿದ್ರು. ನೀವು ಬಂದಾಗಲೆಲ್ಲ ಇದ್ರು."

ಟೀಚರ ಕೈ ಎದೆಯ ಮೇಲಿನ ಎಲೆಗೆ ಹೋಯಿತು. ಕೋಪ ಬರುತ್ತದೆ, ಅದನ್ನು ಕಿತ್ತು ಎಸೆಯುತ್ತಾಳೆ ಎಂದುಕೊಂಡೆ. ಎಸೆದಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಅವಳು ಸಣ್ಣ ದನಿಯಲ್ಲಿ ಕೇಳಿದಳು, "ಹಾಗಾದ್ರೆ ನಾನು ಇಷ್ಟು ದಿನ ಇಲ್ಲಿ ಬಂದು ಅತ್ತಿದ್ದು ಯಾರಿಗೆ?"

"ನಿಮ್ಮಮ್ಮನಿಗೆ" ಎಂದಳು ಅತ್ತಿಗೆ. "ನನ್ನ ಪಾಲಿಂದು ಇನ್ನೂ ಇದೆ."

ಹಾಗೆಂದವಳೇ ಅತ್ತಿಗೆ ಮೇಜಿನ ಅಂಚು ಹಿಡಿದು ಕುಸಿದು ಕೂತಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಟೀಚರು ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ, ಸುಮ್ಮನೆ ಕೂತಿದ್ದಳು. ಅದಕ್ಕಾಗಿ ಅವಳನ್ನು ನಾನು ಮೆಚ್ಚಿದೆ.

ಅಷ್ಟು ಹೊತ್ತು ನಡುವಿನ ಬಾಗಿಲ ಮರೆಯಲ್ಲಿದ್ದ ನಮ್ಮಣ್ಣ ಆಗ ಈಚೆ ಬಂದ. ಕೈಕಟ್ಟಿಕೊಂಡು, ತಲೆ ಓರೆ ಮಾಡಿ, ಆ ಹಳೆಯ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡಿದ್ದ. ಮೇಜಿನ ಕಡೆಗೆ, ಅದರ ಮೇಲಿನ ಬೆಳಕಿನ ಕಡೆಗೆ ನೋಡಿ ಕಣ್ಣು ಅರ್ಧ ಮುಚ್ಚಿದ. ನನಗೆ ಆ ಮುಖ ಗೊತ್ತು. ಅವನಿಗೆ ಏನೋ ಬರುತ್ತಿತ್ತು.

"ಟೀಚರ್, ಸಾವು ಅನ್ನೋದು ಒಂದು..." ಎಂದು ಶುರು ಮಾಡಿದ.

ಅತ್ತಿಗೆ ಕಣ್ಣೊರೆಸಿಕೊಂಡು ತಲೆಯೆತ್ತಿದಳು.

"ರೀ, ಬೆಲ್ ಹೊಡೀತು. ಒಳಗೆ ಹೋಗಿ."

"ನಾನಾ?"

"ಹೂಂ. ಎಲ್ಲರೂ ಹೋದ ಮೇಲೆ ಕರೀತೀನಿ."

ಅವನು ನನ್ನ ಕಡೆ ನೋಡಿದ. ನಾನು ಹಿಂದಿನ ಕೋಣೆಯ ಕಡೆ ಕೈ ತೋರಿಸಿದೆ. ಸೈಕಲ್ ಅಂಗಡಿಯವನು ದಾರಿ ಬಿಟ್ಟು ಸರಿದ. ಅಣ್ಣ ಹೋಗಿ ಆ ಕೈಯಿಲ್ಲದ ಕುರ್ಚಿಯಲ್ಲಿ ಪೈಪಿಗೆ ಎದುರಾಗಿ ಕೂತ. ಬೀದಿಯ ಜನ ಒಬ್ಬೊಬ್ಬರಾಗಿ ಬರತೊಡಗಿದರು. ಗಾಡಿ ಮುಂಬಾಗಿಲಿಗೇ ಬಂತು. ನಾವೆಲ್ಲ ಅದರ ಜೊತೆ ಹೊರಟೆವು. ಅವನನ್ನು ಕರೆಯುವುದು ಯಾರಿಗೂ ನೆನಪಾಗಲಿಲ್ಲ.